ಅಪ್‌ಗ್ರೇಡ್ ಆದ ಮೇಲೆ ಕಂಪ್ಯೂಟರ್ ಆನ್ ಆಗ್ತಿಲ್ವಾ? ‘ಫಾರ್ಮ್ಯಾಟ್ ಮಾಡಿ’ ಅನ್ನೋ ಮೊದಲು ಇಷ್ಟು ನೋಡಿ

ವೇಮಗಲ್: ಬೆಳಿಗ್ಗೆ ಅಂಗಡಿ ಶಟರ್ ಎತ್ತಿ, ದೇವರ ಫೋಟೋಗೆ ಊದುಬತ್ತಿ ಹಚ್ಚಿ, ಕಂಪ್ಯೂಟರ್ ಬಟನ್ ಒತ್ತಿದರೆ ಬಿಲ್ಲಿಂಗ್ ಬದಲು ನೀಲಿ ಪರದೆ. ಇಲ್ಲವೇ ಕಪ್ಪು ಪರದೆ ಮೇಲೆ ಸುತ್ತುತ್ತಲೇ ಇರುವ ಚುಕ್ಕಿಗಳು. ಹಿಂದಿನ ರಾತ್ರಿ ಮುಚ್ಚುವಾಗ ‘ಅಪ್‌ಡೇಟ್ ಅಂಡ್ ಶಟ್‌ಡೌನ್’ ಅಂತ ಬಂದಿತ್ತು, ಒತ್ತಿ ಮನೆಗೆ ಹೋಗಿದ್ದಷ್ಟೇ. ಗಿರಾಕಿ ಮುಂದೆ ನಿಂತಿದ್ದಾರೆ, ಬಿಲ್ ಹಾಕಲು ಆಗುತ್ತಿಲ್ಲ.

ಕಿರಾಣಿ, ಮೆಡಿಕಲ್, ಹಾರ್ಡ್‌ವೇರ್ ಅಂಗಡಿ, ಝೆರಾಕ್ಸ್ ಮತ್ತು ಆನ್‌ಲೈನ್ ಸೆಂಟರ್, ಕೈಗಾರಿಕಾ ಪ್ರದೇಶದ ಸಣ್ಣ ಗುತ್ತಿಗೆದಾರರ ಕಚೇರಿ, ಹೀಗೆ ಒಂದೇ ಕಂಪ್ಯೂಟರ್ ನಂಬಿಕೊಂಡು ನಡೆಯುವ ಕಡೆಯೆಲ್ಲ ಇದು ಬರಬಹುದಾದ ಕಷ್ಟ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕಂಪನಿ 2025ರ ಅಕ್ಟೋಬರ್ 14ಕ್ಕೆ ಬೆಂಬಲ ನಿಲ್ಲಿಸಿದ ಮೇಲೆ ಹಳೇ ಸಿಸ್ಟಮ್‌ಗಳನ್ನು ವಿಂಡೋಸ್ 11ಕ್ಕೆ ಏರಿಸುವ ಅವಸರ ಎಲ್ಲ ಕಡೆ ಶುರುವಾಯಿತು. ಅದರ ಹಿಂದೆಯೇ ‘ಅಪ್‌ಗ್ರೇಡ್ ಮಾಡಿಸಿದೆ, ಈಗ ಆನೇ ಆಗ್ತಿಲ್ಲ’ ಎಂಬ ಮಾತೂ ಬಂತು.

ಇಂಥ ಹೊತ್ತಲ್ಲಿ ರಿಪೇರಿಯವರ ಮೊದಲ ಪ್ರಶ್ನೆ ಒಂದೇ: ‘ಫಾರ್ಮ್ಯಾಟ್ ಮಾಡ್ಬಿಡ್ಲಾ ಸಾರ್?’ ಗಾಬರಿಯಲ್ಲಿ ‘ಹೂಂ’ ಅಂದುಬಿಟ್ಟರೆ ಕಂಪ್ಯೂಟರ್ ಆನ್ ಆಗಬಹುದು. ಆದರೆ ವರ್ಷಗಳ ಲೆಕ್ಕ, ಸಾಲದ ಖಾತೆ, ಗಿರಾಕಿಗಳ ದಾಖಲೆ ಎಲ್ಲವೂ ಹೋಗಬಹುದು. ಅಪ್‌ಗ್ರೇಡ್ ಕೆಟ್ಟ ಹೆಚ್ಚಿನ ಸಂದರ್ಭಗಳಲ್ಲಿ ಒಳಗಿನ ಫೈಲ್‌ಗಳು ಹಾಗೇ ಇರುತ್ತವೆ. ಕೆಟ್ಟಿರುವುದು ಅಲ್ಲಿಗೆ ಹೋಗುವ ದಾರಿ ಮಾತ್ರ.

ಯಾಕೆ ಹೀಗಾಗುತ್ತೆ?

ಬಟನ್ ಒತ್ತಿದಾಗ ಮೊದಲು ಎದ್ದೇಳುವುದು ವಿಂಡೋಸ್ ಅಲ್ಲ. ಮದರ್‌ಬೋರ್ಡ್‌ನಲ್ಲಿರುವ ಬಯಾಸ್ ಎಂಬ ಸಣ್ಣ ಪ್ರೋಗ್ರಾಂ ಮೊದಲು ಏಳುತ್ತದೆ. ಅದು ರ‍್ಯಾಮ್, ಡಿಸ್ಕ್, ಕೀಬೋರ್ಡ್ ಇದೆಯೇ ಎಂದು ನೋಡಿ, ಡಿಸ್ಕ್‌ನಲ್ಲಿರುವ ‘ಬೂಟ್ ಲೋಡರ್’ ಎಂಬ ಭಾಗಕ್ಕೆ ಕೆಲಸ ಒಪ್ಪಿಸುತ್ತದೆ. ಬೂಟ್ ಲೋಡರ್ ವಿಂಡೋಸ್ ಅನ್ನು ಎಬ್ಬಿಸುತ್ತದೆ, ವಿಂಡೋಸ್ ಡ್ರೈವರ್‌ಗಳನ್ನು ಎಬ್ಬಿಸುತ್ತದೆ. ಒಬ್ಬರ ಕೈಯಿಂದ ಒಬ್ಬರಿಗೆ ಬೀಗದ ಕೈ ದಾಟಿಸಿದ ಹಾಗೆ. ಅಪ್‌ಗ್ರೇಡ್ ವೇಳೆ ಬೂಟ್ ಲೋಡರ್, ವಿಂಡೋಸ್, ಡ್ರೈವರ್ ಮೂರೂ ಬದಲಾಗುತ್ತವೆ. ಮಧ್ಯದಲ್ಲಿ ಒಂದು ಕಡೆ ಕೈ ತಪ್ಪಿದರೂ ಸಾಲು ನಿಲ್ಲುತ್ತದೆ.

ನಮ್ಮ ಕಡೆ ಸಾಮಾನ್ಯವಾಗಿ ಸಿಗುವ ಕಾರಣಗಳು ಇವು: ಅಪ್‌ಗ್ರೇಡ್ ನಡೆಯುತ್ತಿರುವಾಗ ಕರೆಂಟ್ ಹೋಗುವುದು, ಸಿ ಡ್ರೈವ್‌ನಲ್ಲಿ ಜಾಗ ಇಲ್ಲದಿರುವುದು, ಹಳೇ ಡ್ರೈವರ್ ಹೊಸ ವಿಂಡೋಸ್‌ಗೆ ಹೊಂದದಿರುವುದು, ಮೊದಲೇ ಸೋತಿದ್ದ ಹಾರ್ಡ್ ಡಿಸ್ಕ್ ಇಷ್ಟೊಂದು ಬರೆಯುವ ಕೆಲಸಕ್ಕೆ ಕೈಚೆಲ್ಲುವುದು, ಬಯಾಸ್ ಸೆಟ್ಟಿಂಗ್ ಬದಲಿಸಿರುವುದು.

ಇದು ದೊಡ್ಡವರಿಗೂ ತಪ್ಪಿದ್ದಲ್ಲ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿ ಕಳಿಸಿದ ಒಂದು ತಪ್ಪು ಅಪ್‌ಡೇಟ್‌ನಿಂದ ಜಗತ್ತಿನಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರ್‌ಗಳು ನೀಲಿ ಪರದೆಗೆ ಬಂದು ನಿಂತವು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲೇ ಕೈಯಲ್ಲಿ ಬರೆದ ಬೋರ್ಡಿಂಗ್ ಪಾಸ್ ಕೊಡಬೇಕಾಯಿತು. ಅದಕ್ಕೆ ಪರಿಹಾರವಾಗಿದ್ದು ಫಾರ್ಮ್ಯಾಟ್ ಅಲ್ಲ, ‘ಸೇಫ್ ಮೋಡ್’ಗೆ ಹೋಗಿ ಕೆಟ್ಟ ಫೈಲ್ ಒಂದನ್ನು ಅಳಿಸುವುದು. ಅಂಗಡಿ ಕಂಪ್ಯೂಟರ್‌ಗೂ ಅದೇ ದಾರಿ ಇದೆ.

ಮೊದಲು ಕಾಯಿರಿ

ಪರದೆ ಮೇಲೆ ಶೇಕಡಾ ಅಂಕಿ ಕಾಣುತ್ತಿದ್ದರೆ ಅದು ಸತ್ತಿಲ್ಲ, ಕೆಲಸ ಮಾಡುತ್ತಿದೆ. ಹಳೇ ಹಾರ್ಡ್ ಡಿಸ್ಕ್ ಇರುವ ಸಿಸ್ಟಮ್‌ನಲ್ಲಿ ಅಪ್‌ಗ್ರೇಡ್ ಎರಡು-ಮೂರು ಗಂಟೆ ಹಿಡಿದರೂ ಆಶ್ಚರ್ಯವಿಲ್ಲ. ಒಂದೇ ಅಂಕಿಯಲ್ಲಿ ಅರ್ಧ ಗಂಟೆ ನಿಲ್ಲುವುದೂ ಇದೆ. ಕ್ಯಾಬಿನೆಟ್ ಮೇಲೆ ಡಿಸ್ಕ್‌ನ ಸಣ್ಣ ದೀಪ ಮಿಣುಕುತ್ತಿದ್ದರೆ ಮುಟ್ಟಬೇಡಿ. ಗಂಟೆಗಟ್ಟಲೆ ದೀಪವೂ ಮಿಣುಕದೆ, ಅಂಕಿಯೂ ಕದಲದೆ ಇದ್ದರೆ ಮಾತ್ರ ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡಿದು ಆಫ್ ಮಾಡಬಹುದು.

ಆಫ್ ಆದ ಮೇಲೆ ಪ್ಲಗ್ ತೆಗೆಯಿರಿ. ಪ್ರಿಂಟರ್, ಬಿಲ್ ಪ್ರಿಂಟರ್, ಬಾರ್‌ಕೋಡ್ ಸ್ಕ್ಯಾನರ್, ಪೆನ್‌ಡ್ರೈವ್, ಡಿಜಿಟಲ್ ಸಹಿಯ ಟೋಕನ್ ಎಲ್ಲವನ್ನೂ ಕಿತ್ತು ಪಕ್ಕಕ್ಕಿಡಿ. ಕೀಬೋರ್ಡ್, ಮೌಸ್, ಮಾನಿಟರ್ ಮಾತ್ರ ಉಳಿಸಿ ಮತ್ತೆ ಆನ್ ಮಾಡಿ. ಮರೆತು ಬಿಟ್ಟ ಪೆನ್‌ಡ್ರೈವ್‌ನಿಂದಲೇ ಬೂಟ್ ಆಗಲು ಹೋಗಿ ಸಿಸ್ಟಮ್ ನಿಂತಿರುವುದು ಎಷ್ಟೋ ಸಲ.

ಎಲ್ಲಿ ನಿಂತಿದೆ ಅಂತ ನೋಡಿ

ರಿಪೇರಿ ಅರ್ಧ ಮುಗಿಯುವುದು ಇಲ್ಲೇ.

ಫ್ಯಾನ್ ತಿರುಗುತ್ತಿಲ್ಲ, ದೀಪ ಬರುತ್ತಿಲ್ಲ ಎಂದರೆ ಅದು ವಿಂಡೋಸ್ ತೊಂದರೆ ಅಲ್ಲ. ಪವರ್ ಕೇಬಲ್, ಯುಪಿಎಸ್ ಅಥವಾ ಎಸ್‌ಎಂಪಿಎಸ್ ನೋಡಬೇಕು.

ಫ್ಯಾನ್ ತಿರುಗುತ್ತದೆ, ಬೀಪ್ ಬೀಪ್ ಶಬ್ದ ಬರುತ್ತದೆ, ಪರದೆಯಲ್ಲಿ ಕಂಪನಿಯ ಲೋಗೋ ಕೂಡ ಇಲ್ಲ ಎಂದರೆ ರ‍್ಯಾಮ್ ಸಡಿಲವಾಗಿರುವ ಸಾಧ್ಯತೆ ಹೆಚ್ಚು. ಪ್ಲಗ್ ತೆಗೆದು, ರ‍್ಯಾಮ್ ಬಿಚ್ಚಿ, ಚಿನ್ನದ ಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರ್‌ನಿಂದ ಮೆಲ್ಲಗೆ ಒರೆಸಿ, ಪುಡಿ ಊದಿ, ಮತ್ತೆ ಗಟ್ಟಿಯಾಗಿ ಕೂರಿಸುವುದು ರಿಪೇರಿಯವರ ಹಳೇ ವಿದ್ಯೆ. ಧೂಳು ತುಂಬಿದ ಕ್ಯಾಬಿನೆಟ್‌ಗಳಲ್ಲಿ ಇದು ಈಗಲೂ ಕೆಲಸ ಮಾಡುತ್ತದೆ.

ಕಂಪನಿಯ ಲೋಗೋ ಬಂದು, ಆಮೇಲೆ ಕಪ್ಪು ಪರದೆಯಲ್ಲಿ ‘ನೋ ಬೂಟಬಲ್ ಡಿವೈಸ್’ ಎಂಬ ಸಾಲು ಬಂದರೆ ಬಯಾಸ್‌ಗೆ ಡಿಸ್ಕ್ ಸಿಕ್ಕಿಲ್ಲ, ಅಥವಾ ಡಿಸ್ಕ್‌ನಲ್ಲಿ ಬೂಟ್ ಲೋಡರ್ ಸಿಕ್ಕಿಲ್ಲ.

ವಿಂಡೋಸ್ ಲೋಗೋ ಬಂದು, ಚುಕ್ಕಿ ಸುತ್ತಿ ಸುತ್ತಿ ನಿಂತರೆ ಅಥವಾ ನೀಲಿ ಪರದೆ ಬಂದರೆ ಬೂಟ್ ಲೋಡರ್ ತನಕ ಎಲ್ಲ ಸರಿ ಇದೆ. ಕೆಟ್ಟಿರುವುದು ವಿಂಡೋಸ್ ಅಥವಾ ಡ್ರೈವರ್. ನೀಲಿ ಪರದೆಯ ಕೆಳಗೆ ಬರುವ ಇಂಗ್ಲಿಷ್ ಸಾಲನ್ನು ಮೊಬೈಲ್‌ನಲ್ಲಿ ಫೋಟೋ ತೆಗೆದಿಡಿ. ರಿಪೇರಿಯವರಿಗೆ ಅದೇ ದೊಡ್ಡ ಸುಳಿವು.

ಡಿಸ್ಕ್‌ನಿಂದ ‘ಟಕ್ ಟಕ್’ ಶಬ್ದ ಬರುತ್ತಿದ್ದರೆ ಮಾತ್ರ ಮುಂದಿನ ಯಾವ ಪ್ರಯೋಗವೂ ಬೇಡ. ಮತ್ತೆ ಮತ್ತೆ ಆನ್ ಮಾಡಿದಷ್ಟೂ ಡೇಟಾ ಸಿಗುವ ಆಸೆ ಕಡಿಮೆಯಾಗುತ್ತದೆ.

ರಿಪೇರಿ ಪುಟಕ್ಕೆ ಹೋಗುವ ದಾರಿ

ವಿಂಡೋಸ್ ಒಳಗೇ ಒಂದು ರಿಪೇರಿ ವಿಭಾಗ ಇದೆ. ಸತತ ಎರಡು ಸಲ ಬೂಟ್ ಆಗಲು ಸೋತರೆ ಮೂರನೇ ಸಲ ತಾನಾಗಿಯೇ ಅದು ತೆರೆದುಕೊಳ್ಳುತ್ತದೆ. ತೆರೆಯದಿದ್ದರೆ ನಾವೇ ತೆರೆಸಬಹುದು: ಆನ್ ಮಾಡಿ, ವಿಂಡೋಸ್ ಲೋಗೋ ಕಂಡ ತಕ್ಷಣ ಪವರ್ ಬಟನ್ ಒತ್ತಿ ಹಿಡಿದು ಆಫ್ ಮಾಡಿ. ಇನ್ನೊಂದು ಸಲ ಹಾಗೇ ಮಾಡಿ. ಮೂರನೇ ಸಲ ಬಿಟ್ಟುಬಿಡಿ. ‘ಆಟೋಮ್ಯಾಟಿಕ್ ರಿಪೇರ್’ ಎಂದು ಬರುತ್ತದೆ. ಅಲ್ಲಿ ‘ಅಡ್ವಾನ್ಸ್ಡ್ ಆಪ್ಷನ್ಸ್’, ನಂತರ ‘ಟ್ರಬಲ್‌ಶೂಟ್’, ಮತ್ತೆ ‘ಅಡ್ವಾನ್ಸ್ಡ್ ಆಪ್ಷನ್ಸ್’ ಒತ್ತಿ.

ಆ ಪುಟವೂ ಬರದಿದ್ದರೆ ಬೇರೊಬ್ಬರ ಕಂಪ್ಯೂಟರ್‌ನಲ್ಲಿ ಮೈಕ್ರೋಸಾಫ್ಟ್ ವೆಬ್‌ಸೈಟ್‌ನಿಂದ ‘ಮೀಡಿಯಾ ಕ್ರಿಯೇಷನ್ ಟೂಲ್’ ಇಳಿಸಿ, 8 ಜಿಬಿಗೆ ಕಡಿಮೆ ಇಲ್ಲದ ಖಾಲಿ ಪೆನ್‌ಡ್ರೈವ್‌ಗೆ ವಿಂಡೋಸ್ ಹಾಕಿಕೊಳ್ಳಬೇಕು. ಪೆನ್‌ಡ್ರೈವ್‌ನಲ್ಲಿ ಇರುವುದೆಲ್ಲ ಅಳಿಸಿಹೋಗುತ್ತದೆ, ನೆನಪಿರಲಿ. ಅದನ್ನು ಸಿಕ್ಕಿಸಿ ಆನ್ ಮಾಡುತ್ತಲೇ ಬೂಟ್ ಮೆನು ಕೀ ಒತ್ತಬೇಕು. ಡೆಲ್, ಲೆನೊವೊ, ಏಸರ್‌ನಲ್ಲಿ ಸಾಮಾನ್ಯವಾಗಿ ಎಫ್-12, ಎಚ್‌ಪಿಯಲ್ಲಿ ಎಫ್-9. ವಿಂಡೋಸ್ ಪುಟ ಬಂದ ಮೇಲೆ ‘ಇನ್‌ಸ್ಟಾಲ್’ ಒತ್ತಬೇಡಿ. ಅದೇ ಪುಟಗಳಲ್ಲಿ ‘ರಿಪೇರ್’ ಎಂಬ ಆಯ್ಕೆ ಸಿಗುತ್ತದೆ, ಅದನ್ನು ಒತ್ತಿ.

ಒಳಗೆ ಹೋದ ಮೇಲೆ ಈ ಕ್ರಮದಲ್ಲಿ ಪ್ರಯತ್ನಿಸುವುದು ಒಳ್ಳೆಯದು. ಮೊದಲಿನವು ಯಾವ ಫೈಲನ್ನೂ ಮುಟ್ಟುವುದಿಲ್ಲ.

1. ‘ಸ್ಟಾರ್ಟಪ್ ರಿಪೇರ್’: ಬೂಟ್ ಲೋಡರ್ ಸಣ್ಣಪುಟ್ಟ ತೊಂದರೆಯನ್ನು ತಾನೇ ಹುಡುಕಿ ಸರಿ ಮಾಡುತ್ತದೆ. ಒಂದೇ ಸಲಕ್ಕೆ ಆಗದಿದ್ದರೆ ಇನ್ನೊಮ್ಮೆ ಮಾಡಿ.

2. ‘ಅನ್‌ಇನ್‌ಸ್ಟಾಲ್ ಅಪ್‌ಡೇಟ್ಸ್’: ಇಲ್ಲಿ ಎರಡು ಆಯ್ಕೆ. ಪ್ರತಿ ತಿಂಗಳ ಅಪ್‌ಡೇಟ್ ಆದ ಮೇಲೆ ಕೆಟ್ಟಿದ್ದರೆ ‘ಕ್ವಾಲಿಟಿ ಅಪ್‌ಡೇಟ್’ ತೆಗೆಯಬೇಕು. ವಿಂಡೋಸ್ 10ರಿಂದ 11ಕ್ಕೆ ಹೋದ ಮೇಲೆ ಕೆಟ್ಟಿದ್ದರೆ ‘ಫೀಚರ್ ಅಪ್‌ಡೇಟ್’ ತೆಗೆಯಬೇಕು. ಎರಡನೆಯದು ಹಳೇ ವಿಂಡೋಸನ್ನೇ ವಾಪಸ್ ತರುತ್ತದೆ. ಆದರೆ ಅದಕ್ಕೆ ಗಡುವು ಇದೆ: ಅಪ್‌ಗ್ರೇಡ್ ಆಗಿ 10 ದಿನದೊಳಗೆ ಮಾತ್ರ. ಆಮೇಲೆ ಹಳೇ ವಿಂಡೋಸ್‌ನ ಫೈಲ್‌ಗಳನ್ನು ಕಂಪ್ಯೂಟರೇ ಅಳಿಸಿಬಿಡುತ್ತದೆ. ಆದ್ದರಿಂದ ‘ಮುಂದಿನ ವಾರ ನೋಡೋಣ’ ಅಂತ ಬಿಟ್ಟುಕೊಂಡು ಹೋಗಬಾರದು.

3. ‘ಸ್ಟಾರ್ಟಪ್ ಸೆಟ್ಟಿಂಗ್ಸ್’: ರೀಸ್ಟಾರ್ಟ್ ಆದ ಮೇಲೆ 4 ಒತ್ತಿದರೆ ಸೇಫ್ ಮೋಡ್, 5 ಒತ್ತಿದರೆ ಇಂಟರ್‌ನೆಟ್ ಸಹಿತ ಸೇಫ್ ಮೋಡ್. ಇದರಲ್ಲಿ ಅಗತ್ಯದ ಡ್ರೈವರ್ ಮಾತ್ರ ಎದ್ದೇಳುತ್ತವೆ. ಸೇಫ್ ಮೋಡ್‌ನಲ್ಲಿ ಸರಿಯಾಗಿ ಆನ್ ಆದರೆ ತಪ್ಪು ಯಾವುದೋ ಡ್ರೈವರ್‌ದು ಅಥವಾ ಆಂಟಿವೈರಸ್‌ದು. ಇತ್ತೀಚೆಗೆ ಹಾಕಿದ್ದನ್ನು ತೆಗೆದು ನೋಡಬಹುದು. ಅದಕ್ಕೂ ಮೊದಲು, ಒಳಗೆ ಹೋದ ಕೂಡಲೇ ಡೇಟಾ ಪೆನ್‌ಡ್ರೈವ್‌ಗೆ ಹಾಕಿಕೊಳ್ಳಿ.

4. ‘ಸಿಸ್ಟಮ್ ರಿಸ್ಟೋರ್’: ಹಿಂದೆ ಉಳಿಸಿದ ಗುರುತು ಇದ್ದರೆ ಆ ದಿನದ ಸ್ಥಿತಿಗೆ ವಿಂಡೋಸ್ ಹೋಗುತ್ತದೆ. ನಿಮ್ಮ ದಾಖಲೆಗಳು ಉಳಿಯುತ್ತವೆ, ಆ ದಿನದ ನಂತರ ಹಾಕಿದ ಪ್ರೋಗ್ರಾಂಗಳು ಹೋಗುತ್ತವೆ.

5. ‘ರೀಸೆಟ್ ದಿಸ್ ಪಿಸಿ’: ಇದು ಕೊನೆಯದು. ‘ಕೀಪ್ ಮೈ ಫೈಲ್ಸ್’ ಎಂದು ಆರಿಸಿದರೂ ಟ್ಯಾಲಿ, ಬಿಲ್ಲಿಂಗ್, ನುಡಿಯಂಥ ಹಾಕಿಕೊಂಡಿದ್ದ ಪ್ರೋಗ್ರಾಂಗಳೆಲ್ಲ ಹೋಗುತ್ತವೆ. ಡೇಟಾ ಹೊರಗೆ ತೆಗೆಯದೆ ಇದಕ್ಕೆ ಕೈ ಹಾಕಬೇಡಿ.

48 ಅಂಕಿಯ ಕೀ ಕೇಳಿದರೆ

ಕೆಲವರಿಗೆ ರಿಪೇರಿ ಪುಟದಲ್ಲಿ ‘ಬಿಟ್‌ಲಾಕರ್ ರಿಕವರಿ ಕೀ’ ಹಾಕಿ ಎಂದು ಬರುತ್ತದೆ. ಡಿಸ್ಕ್‌ಗೆ ಬೀಗ ಹಾಕಲಾಗಿದೆ ಎಂದರ್ಥ. ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಮೈಕ್ರೋಸಾಫ್ಟ್ ಅಕೌಂಟ್‌ನಿಂದ ಲಾಗಿನ್ ಆದಾಗ ಈ ಬೀಗ ತಾನಾಗಿಯೇ ಬೀಳುತ್ತದೆ, ಎಷ್ಟೋ ಮಾಲೀಕರಿಗೆ ಅದು ಗೊತ್ತೇ ಇರುವುದಿಲ್ಲ. ಬಯಾಸ್‌ನಲ್ಲಿ ಏನಾದರೂ ಬದಲಾದರೆ ಬೀಗ ಬಾಯಿ ಬಿಟ್ಟು ಕೀ ಕೇಳುತ್ತದೆ.

ಕೀ 48 ಅಂಕಿಯದು. ಮೊಬೈಲ್‌ನಲ್ಲಿ ಅದೇ ಮೈಕ್ರೋಸಾಫ್ಟ್ ಅಕೌಂಟ್‌ಗೆ ಲಾಗಿನ್ ಆದರೆ, ಡಿವೈಸ್ ಪಟ್ಟಿಯಲ್ಲಿ ಆ ಕಂಪ್ಯೂಟರ್ ಹೆಸರಿನಡಿ ಸಿಗುತ್ತದೆ. ಪರದೆಯಲ್ಲಿ ಕಾಣುವ ಕೀ ಐಡಿಯ ಮೊದಲ 8 ಅಕ್ಷರ ಹೊಂದುತ್ತಿದೆಯೇ ನೋಡಿಕೊಳ್ಳಿ. ಕೀ ಇಲ್ಲದೆ ಈ ಬೀಗವನ್ನು ಮೈಕ್ರೋಸಾಫ್ಟ್‌ನವರೂ ತೆಗೆಯಲಾರರು. ಲ್ಯಾಪ್‌ಟಾಪ್ ತಂದಾಗ ಮಗನೋ ತಮ್ಮನೋ ಅಂಗಡಿ ಹುಡುಗನೋ ತನ್ನ ಇಮೇಲ್ ಹಾಕಿ ಸೆಟ್ ಮಾಡಿಕೊಟ್ಟಿದ್ದರೆ ಕೀ ಅವರ ಅಕೌಂಟ್‌ನಲ್ಲಿರುತ್ತದೆ. ಆನ್ ಆಗುತ್ತಿರುವ ಸಿಸ್ಟಮ್ ಇರುವವರು ಇವತ್ತೇ ಈ ಕೀ ತೆಗೆದು, ಕಾಗದದ ಮೇಲೆ ಬರೆದು ಬೀರುವಿನಲ್ಲಿಟ್ಟರೆ ಒಳ್ಳೆಯದು.

ಬಯಾಸ್ ಮುಟ್ಟಿದ್ರಾ?

ವಿಂಡೋಸ್ 11ಕ್ಕೆ ‘ಟಿಪಿಎಂ 2.0’ ಮತ್ತು ‘ಸೆಕ್ಯೂರ್ ಬೂಟ್’ ಬೇಕು ಎಂದು ವಿಡಿಯೋ ನೋಡಿ ಬಯಾಸ್‌ನಲ್ಲಿ ‘ಲೆಗಸಿ’ ತೆಗೆದು ‘ಯುಇಎಫ್‌ಐ’ ಹಾಕುವವರು ಬಹಳ. ಹಳೇ ಡಿಸ್ಕ್ ‘ಎಂಬಿಆರ್’ ಎಂಬ ಹಳೇ ವಿಧಾನದಲ್ಲಿ ಭಾಗ ಮಾಡಿದ್ದರೆ ಯುಇಎಫ್‌ಐಗೆ ಅದರಲ್ಲಿ ವಿಂಡೋಸ್ ಕಾಣುವುದೇ ಇಲ್ಲ. ‘ನೋ ಬೂಟಬಲ್ ಡಿವೈಸ್’ ಅನ್ನುತ್ತದೆ. ಆಗ ಡಿಸ್ಕ್ ಹೋಯಿತು ಅಂದುಕೊಳ್ಳಬೇಡಿ. ಬಯಾಸ್‌ಗೆ ಹೋಗಿ ಮತ್ತೆ ಲೆಗಸಿಗೆ ತಂದರೆ ಹಳೇ ವಿಂಡೋಸ್ ಎದ್ದೇಳುತ್ತದೆ. ಆಮೇಲೆ ಡಿಸ್ಕನ್ನು ‘ಜಿಪಿಟಿ’ಗೆ ಬದಲಿಸಿ, ನಂತರವೇ ಯುಇಎಫ್‌ಐ ಹಾಕಬೇಕು. ಡೇಟಾ ಅಳಿಸದೆ ಬದಲಿಸುವ ಉಪಕರಣ ವಿಂಡೋಸ್‌ನಲ್ಲೇ ಇದೆ.

ಇನ್ನೊಂದು ಸಣ್ಣ ಖದೀಮ ಇದೆ: ಮದರ್‌ಬೋರ್ಡ್ ಮೇಲಿನ ನಾಣ್ಯದ ಗಾತ್ರದ ಬ್ಯಾಟರಿ. ಹಳೇ ಸಿಸ್ಟಮ್‌ಗಳಲ್ಲಿ ಅದು ಸತ್ತಿದ್ದರೆ, ಪ್ಲಗ್ ತೆಗೆದಾಗಲೆಲ್ಲ ಬಯಾಸ್ ಸೆಟ್ಟಿಂಗ್ ಮರೆತುಹೋಗುತ್ತದೆ, ತಾರೀಖು ಎಷ್ಟೋ ವರ್ಷ ಹಿಂದಕ್ಕೆ ಹೋಗುತ್ತದೆ. ಅದರ ನಂಬರ್ ಸಿಆರ್-2032. ವಾಚ್ ರಿಪೇರಿ ಅಂಗಡಿಯಲ್ಲೂ ಸಿಗುವ ಅಗ್ಗದ ವಸ್ತು. ತಾರೀಖು ತಪ್ಪಿದ್ದರೆ ಜಿಎಸ್‌ಟಿ, ಬ್ಯಾಂಕ್ ಪೋರ್ಟಲ್‌ಗಳೂ ತೆರೆಯುವುದಿಲ್ಲ.

ಕೆಲವು ಯಂತ್ರಕ್ಕೆ ಆಗೋದೇ ಇಲ್ಲ

ವಿಂಡೋಸ್ 11ಕ್ಕೆ ಇಂಟೆಲ್ ಪ್ರೊಸೆಸರ್ ಆದರೆ ಸಾಮಾನ್ಯವಾಗಿ 8ನೇ ತಲೆಮಾರು ಅಥವಾ ನಂತರದ್ದು, 4 ಜಿಬಿ ರ‍್ಯಾಮ್, 64 ಜಿಬಿ ಜಾಗ ಬೇಕು. ಇದನ್ನು ತಪ್ಪಿಸಿ ಹಳೇ ಯಂತ್ರಕ್ಕೂ ಹಾಕಿಕೊಡುವವರಿದ್ದಾರೆ. ಆದರೆ ವಿಂಡೋಸ್ 11ರ 24ಎಚ್2 ಆವೃತ್ತಿಯಿಂದೀಚೆಗೆ ಪ್ರೊಸೆಸರ್‌ನಲ್ಲಿ ಕೆಲವು ಆಜ್ಞೆಗಳು ಇರಲೇಬೇಕು. ‘ಕೋರ್ 2 ಡ್ಯುಯೊ’ ಕಾಲದ ಸಿಸ್ಟಮ್‌ಗಳಲ್ಲಿ ಅವು ಇಲ್ಲ. ಅಂಥ ಯಂತ್ರಕ್ಕೆ ಈ ಆವೃತ್ತಿ ಹಾಕಿದರೆ ಬೂಟ್ ಆಗುವುದೇ ಇಲ್ಲ, ಯಾವ ರಿಪೇರಿಯಿಂದಲೂ ಆಗಲ್ಲ. ಹಳೇ ಆವೃತ್ತಿಗೆ ಮರಳುವುದೊಂದೇ ದಾರಿ.

ವಿಂಡೋಸ್ 10ರಲ್ಲೇ ಉಳಿಯುವ ಮನೆಬಳಕೆಯವರಿಗೆ 2026ರ ಅಕ್ಟೋಬರ್ 13ರವರೆಗೆ ಭದ್ರತಾ ಅಪ್‌ಡೇಟ್ ಕೊಡುವ ಯೋಜನೆಯನ್ನು ಮೈಕ್ರೋಸಾಫ್ಟ್ ಪ್ರಕಟಿಸಿತ್ತು. ಬರೀ ಬ್ರೌಸರ್, ಟೈಪಿಂಗ್ ಸಾಕು ಎನ್ನುವವರಿಗೆ ಉಚಿತ ಲಿನಕ್ಸ್ ಇದೆ. ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳೂ ಸೇರಿ ಕೇರಳದ ಸರ್ಕಾರಿ ಶಾಲೆಗಳ ಮಕ್ಕಳು ಕಲಿಯುವುದು ಅದರಲ್ಲೇ. ಆದರೆ ಟ್ಯಾಲಿ ಅದರಲ್ಲಿ ನೇರವಾಗಿ ಓಡುವುದಿಲ್ಲ, ಅಂಗಡಿಯವರು ಯೋಚಿಸಿ ಹೆಜ್ಜೆ ಇಡಬೇಕು.

ಆನ್ ಆಗದಿದ್ದರೂ ಡೇಟಾ ತೆಗೆಯಬಹುದು

ರಿಪೇರಿ ಪುಟದಲ್ಲಿ ‘ಕಮಾಂಡ್ ಪ್ರಾಂಪ್ಟ್’ ಒತ್ತಿ, ನೋಟ್‌ಪ್ಯಾಡ್ ಎಂದು ಇಂಗ್ಲಿಷ್‌ನಲ್ಲಿ ಟೈಪ್ ಮಾಡಿ ಎಂಟರ್ ಕೊಡಿ. ನೋಟ್‌ಪ್ಯಾಡ್ ತೆರೆಯುತ್ತದೆ. ಅದರಲ್ಲಿ ‘ಫೈಲ್’, ‘ಓಪನ್’ ಒತ್ತಿ, ಕೆಳಗೆ ‘ಆಲ್ ಫೈಲ್ಸ್’ ಆರಿಸಿ. ಈಗ ಎಲ್ಲ ಡ್ರೈವ್‌ಗಳೂ ಕಾಣುತ್ತವೆ. ಬೇಕಾದ ಫೋಲ್ಡರ್ ಮೇಲೆ ಮೌಸ್‌ನ ಬಲಗುಂಡಿ ಒತ್ತಿ ಕಾಪಿ ಮಾಡಿ, ಪೆನ್‌ಡ್ರೈವ್‌ನಲ್ಲಿ ಪೇಸ್ಟ್ ಮಾಡಬಹುದು. ಇಲ್ಲಿ ಸಿ ಡ್ರೈವ್ ಹೆಸರು ಡಿ ಅಥವಾ ಇ ಅಂತ ಬದಲಾಗಿ ಕಾಣಬಹುದು, ಗಾಬರಿ ಬೇಡ. ಇದೂ ಆಗದಿದ್ದರೆ ಡಿಸ್ಕ್ ಬಿಚ್ಚಿ, ಯುಎಸ್‌ಬಿ ಕೇಬಲ್‌ನಿಂದ ಇನ್ನೊಂದು ಕಂಪ್ಯೂಟರ್‌ಗೆ ಸಿಕ್ಕಿಸಿ ತೆಗೆಯಬಹುದು.

ಮರೆಯದೆ ತೆಗೆಯಬೇಕಾದವು:

ಟ್ಯಾಲಿ ಡೇಟಾ: 10000, 10001 ಹೀಗೆ ಅಂಕಿ ಹೆಸರಿನ ಫೋಲ್ಡರ್‌ಗಳು. ಒಂದೊಂದು ಅಂಕಿ ಒಂದೊಂದು ಕಂಪನಿಯ ಲೆಕ್ಕ. ಟ್ಯಾಲಿ ಲೈಸೆನ್ಸ್ ಆ ಯಂತ್ರಕ್ಕೇ ಅಂಟಿಕೊಂಡಿರುತ್ತದೆ, ಆದ್ದರಿಂದ ಫಾರ್ಮ್ಯಾಟ್‌ಗೆ ಮೊದಲು ಸಾಧ್ಯವಾದರೆ ‘ಸರೆಂಡರ್’ ಮಾಡಿಸಿ. ಲೈಸೆನ್ಸ್‌ನ ಇಮೇಲ್ ಯಾವುದೆಂದು ಗೊತ್ತಿರಲಿ.

ನುಡಿ, ಬರಹ ಫಾಂಟ್‌ಗಳು: ಹಳೇ ಅರ್ಜಿ, ಲೆಟರ್‌ಹೆಡ್‌ಗಳು ಯೂನಿಕೋಡ್ ಅಲ್ಲದ ಫಾಂಟ್‌ನಲ್ಲಿದ್ದರೆ, ಹೊಸ ವಿಂಡೋಸ್‌ನಲ್ಲಿ ಫಾಂಟ್ ಇಲ್ಲದೆ ತೆರೆದಾಗ ಕನ್ನಡದ ಬದಲು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ ಕಾಣುತ್ತದೆ. ಫೈಲ್ ಕೆಟ್ಟಿಲ್ಲ. ಫಾಂಟ್ ಹಾಕಿದರೆ ಸರಿಯಾಗುತ್ತದೆ.

ಡೆಸ್ಕ್‌ಟಾಪ್ ಮತ್ತು ಡೌನ್‌ಲೋಡ್ಸ್: ಬಹಳ ಜನರ ನಿಜವಾದ ಕಡತ ಇರುವುದು ಅಲ್ಲೇ, ಡಿ ಡ್ರೈವ್‌ನಲ್ಲಲ್ಲ.

ಡಿಜಿಟಲ್ ಸಹಿ ಇರುವುದು ಟೋಕನ್‌ನಲ್ಲಿ, ಕಂಪ್ಯೂಟರ್‌ನಲ್ಲಲ್ಲ. ಡ್ರೈವರ್ ಮತ್ತೆ ಹಾಕಿದರೆ ಸಾಕು.

ಜಿಎಸ್‌ಟಿ ತಾರೀಖು ಕಾಯಲ್ಲ

ಪ್ರತಿ ತಿಂಗಳು ಸಲ್ಲಿಸುವವರಿಗೆ ಜಿಎಸ್‌ಟಿಆರ್-1ಕ್ಕೆ 11, ಜಿಎಸ್‌ಟಿಆರ್-3ಬಿಗೆ 20 ಕೊನೇ ದಿನ. ತಡವಾದರೆ ದಿನಕ್ಕೆ 50 ರೂಪಾಯಿ, ವ್ಯವಹಾರವೇ ಇಲ್ಲದ ತಿಂಗಳಿಗೆ 20 ರೂಪಾಯಿ ವಿಳಂಬ ಶುಲ್ಕ. ಕಟ್ಟಬೇಕಾದ ತೆರಿಗೆಗೆ ವರ್ಷಕ್ಕೆ ಶೇ 18ರ ಲೆಕ್ಕದಲ್ಲಿ ಬಡ್ಡಿ ಬೇರೆ. ಸಿಸ್ಟಮ್ ಕೆಟ್ಟಿತ್ತು ಎಂಬುದು ಅಲ್ಲಿ ನಡೆಯುವುದಿಲ್ಲ. ಪೋರ್ಟಲ್ ಯಾವ ಕಂಪ್ಯೂಟರ್‌ನಿಂದಲಾದರೂ ತೆರೆಯುತ್ತದೆ. ಆದ್ದರಿಂದ ಮೊದಲು ಡೇಟಾ ಹೊರತೆಗೆದು, ಬೇರೆ ಕಡೆ ಕೂತು ರಿಟರ್ನ್ ಮುಗಿಸಿ, ಆಮೇಲೆ ರಿಪೇರಿ ಮಾಡಿಸಿ. ಅಲ್ಲಿಯವರೆಗೆ ಕೈಬರಹದ ಬಿಲ್ ಬುಕ್ ಇದ್ದೇ ಇದೆ.

ರಿಪೇರಿಗೆ ಕೊಡುವಾಗ

‘ನಾನು ಹೇಳುವವರೆಗೆ ಫಾರ್ಮ್ಯಾಟ್ ಮಾಡ್ಬೇಡಿ’ ಎಂದು ಬಾಯಲ್ಲಿ ಹೇಳುವುದರ ಜೊತೆಗೆ ಚೀಟಿ ಬರೆದು ಅಂಟಿಸಿ. ಯಾವ ದಿನ ಅಪ್‌ಗ್ರೇಡ್ ಆಯಿತು, ಆಮೇಲೆ ಏನು ಕಂಡಿತು, ಬಯಾಸ್ ಮುಟ್ಟಿದ್ದೀರಾ, ಎಲ್ಲ ಹೇಳಿ. ಡೇಟಾ ತೆಗೆಯುವುದಕ್ಕೆ ಎಷ್ಟು, ವಿಂಡೋಸ್ ಹಾಕುವುದಕ್ಕೆ ಎಷ್ಟು ಎಂದು ಮೊದಲೇ ಬೇರೆ ಬೇರೆ ಕೇಳಿ.

ಗೂಗಲ್‌ನಲ್ಲಿ ‘ಸಪೋರ್ಟ್ ನಂಬರ್’ ಹುಡುಕಿ ಫೋನ್ ಮಾಡುವ ಅಭ್ಯಾಸ ಬೇಡ. ಮೈಕ್ರೋಸಾಫ್ಟ್‌ನ ದೋಷ ಸಂದೇಶದಲ್ಲಿ ಎಂದೂ ಫೋನ್ ನಂಬರ್ ಇರುವುದಿಲ್ಲ. ನಂಬರ್ ಬಂತೆಂದರೆ ಅದು ಮೋಸ. ದೂರದಿಂದ ನೋಡುತ್ತೇವೆ, ಆ್ಯಪ್ ಹಾಕಿ ಎಂದು ಹೇಳಿ ಬ್ಯಾಂಕ್ ಖಾತೆಗೆ ಕೈ ಹಾಕುವವರಿದ್ದಾರೆ. ಹಣ ಹೋದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಮುಂದಿನ ಸಲ

ಅಪ್‌ಗ್ರೇಡ್ ಮಾಡುವ ಮುನ್ನ ಡೇಟಾ ಎರಡು ಕಡೆ ಇರಲಿ: ಒಂದು ಪೆನ್‌ಡ್ರೈವ್ ಅಥವಾ ಹೊರಗಿನ ಡಿಸ್ಕ್‌ನಲ್ಲಿ, ಇನ್ನೊಂದು ಇಂಟರ್‌ನೆಟ್‌ನ ಡ್ರೈವ್‌ನಲ್ಲಿ. ಸಿ ಡ್ರೈವ್‌ನಲ್ಲಿ ಸಾಕಷ್ಟು ಜಾಗ ಖಾಲಿ ಮಾಡಿ. ಸಣ್ಣ ಯುಪಿಎಸ್ ಹತ್ತು-ಹದಿನೈದು ನಿಮಿಷಕ್ಕಷ್ಟೇ, ಅದನ್ನು ನಂಬಿ ಮಳೆ-ಗಾಳಿ ಸಂಜೆ ಅಪ್‌ಗ್ರೇಡ್ ಹಚ್ಚಬೇಡಿ. ಲ್ಯಾಪ್‌ಟಾಪ್ ಆದರೆ ಚಾರ್ಜ್ ತುಂಬಿರಲಿ. 10ರಿಂದ 20ನೇ ತಾರೀಖಿನ ಮಧ್ಯೆ, ಸಂತೆ-ಹಬ್ಬದ ಹಿಂದಿನ ದಿನ ಬೇಡವೇ ಬೇಡ. ವಿಂಡೋಸ್ 11ರ ಸೆಟ್ಟಿಂಗ್ಸ್‌ನಲ್ಲಿ ಅಪ್‌ಡೇಟನ್ನು ಐದು ವಾರದವರೆಗೆ ತಡೆಹಿಡಿಯುವ ‘ಪಾಸ್’ ಆಯ್ಕೆ ಇದೆ. ರಜೆ ದಿನ ನೋಡಿಕೊಂಡು ಕೈ ಹಾಕಿ.

ಕಂಪ್ಯೂಟರ್ ಹೋದರೆ ಇನ್ನೊಂದು ತರಬಹುದು. ಯಾರು ಎಷ್ಟು ಬಾಕಿ ಕೊಡಬೇಕು ಅನ್ನೋ ಲೆಕ್ಕ ಹೋದರೆ ಯಾವ ಅಂಗಡಿಯಲ್ಲೂ ಸಿಗಲ್ಲ.